ಸೊಸೆ ಬಿಗಿದ ನಟ್ಟು

ಬಾಗಿಲು ಹಾಕಿದ್ಯಾ? ಹಾಗಾದ್ರೆ ಹತ್ರ ಬಂದು ಕೂತ್ಕೋ. ದನಿ ಎತ್ತಿ ಹೇಳೋ ವಿಷಯ ಅಲ್ಲ ಇದು. ನಗೋದಾದ್ರೆ ಈಗಲೇ ನಕ್ಕುಬಿಡು, ಆಮೇಲೆ ನಗಬೇಡ. ಯಾಕಂದ್ರೆ ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳು ಇದ್ದಾಳಲ್ಲ, ಟೈರ್ ಅಂಗಡಿಯವಳು... ಅಕ್ಕ... ಅವಳಿಗೆ ಆಗಿದ್ದು.

ಬುಧವಾರ ರಾತ್ರಿ. ಹನ್ನೊಂದು ಗಂಟೆ ಇರಬಹುದು. ಅಕ್ಕ ಅಂಗಡಿ ಶಟರ್ ಎಳೆದು, ಎರಡೂ ಬೀಗ ಹಾಕಿ, ಜಗ್ಗಿ ನೋಡಿ, ಮನೆ ಕಡೆ ಹೊರಟ್ಲು. ಐದೇ ನಿಮಿಷದ ದಾರಿ. ಮಧ್ಯದಲ್ಲಿ ಒಂದು ಹಳೇ ಬಾವಿ ಸಿಗುತ್ತೆ. ಈಗ ಯಾರೂ ನೀರು ಸೇದಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆ ಹೊತ್ತಲ್ಲಿ ಜಾಲರಿ ಮೇಲೆ ಒಂದು ಒಣಗಿದ ಎಲೆ ಬಿದ್ರೂ ಕೇಳಿಸುತ್ತೆ.

ಬಾವಿ ದಾಟೋವಾಗ ಕೇಳಿಸ್ತು.

ಕಟ್... ಕಟ್... ಕಟ್...

ಅಕ್ಕ ನಿಂತ್ಲು.

ನಿನಗೋ ನನಗೋ ಅದು ಬರೀ ಸದ್ದು. ಅವಳಿಗೆ ಹಾಗಲ್ಲ. ಬಿಗಿಯಾಗಿ ಕೂತ ವೀಲ್ ನಟ್ಟು ಮೊದಲ ಸಲ ಜಾಗ ಬಿಡೋವಾಗ ಹಾಗೇ ‘ಕಟ್’ ಅನ್ನುತ್ತೆ. ಆಮೇಲೆ ಸ್ಪ್ಯಾನರ್ ಸುತ್ತುತ್ತೆ. ಕಿರ್‌ರ್... ಕಿರ್‌ರ್... ಅದೂ ಕೇಳಿಸ್ತು. ಅವಳ ಅಂಗಡಿ ಕಡೆಯಿಂದಲೇ. ಬೀಗದ ಕೈ ನೋಡಿದ್ರೆ ಅವಳ ಕೈಯಲ್ಲಿದೆ.

ಬೇರೆ ಯಾರಾಗಿದ್ರೂ ಮನೆಗೆ ಓಡ್ತಿದ್ರು. ಇವಳು ಅಂಗಡಿಗೆ ಓಡಿದ್ಲು.

ಬೀಗ ಎರಡೂ ಹಾಕಿದ ಹಾಗೇ ಇತ್ತು. ತೆಗೆದ್ಲು. ಶಟರ್ ಎತ್ತಿದ್ಲು. ಲೈಟ್ ಹಾಕಿದ್ಲು. ಯಾರೂ ಇಲ್ಲ. ಒಳಗೆ ಅವರ ಮನೆಯ ಹಳೇ ಕೆಂಪು ಕಾರು ಒಂದು ಮೂಲೆ ಎತ್ತಿಕೊಂಡು ನಿಂತಿತ್ತು, ಕೆಳಗೆ ಜಾಕ್. ಮುಂದಿನ ಚಕ್ರ ಬಿಚ್ಚಿದೆ. ಸಂಜೆಯಷ್ಟೇ ಅವಳು ಹಾಕಿದ್ದ ಹೊಸ ಚಕ್ರ.

ಕಳ್ಳ ಆಗಿದ್ರೆ ಹೊತ್ಕೊಂಡು ಹೋಗ್ತಿದ್ದ. ಹಾಳು ಮಾಡೋಕೆ ಬಂದವನಾದ್ರೆ ಎತ್ತಿ ಎಸೀತಿದ್ದ. ಇದು ಗೋಣಿಚೀಲ ಹಾಸಿ, ಗೀರು ಬೀಳದ ಹಾಗೆ, ಮುಖ ಮೇಲೆ ಮಾಡಿ ಮಲಗಿಸಿತ್ತು. ನಾಲ್ಕು ನಟ್ಟು ಪಕ್ಕದಲ್ಲಿ ಒಂದೇ ಸಾಲಲ್ಲಿ, ಒಂದೊಂದಕ್ಕೂ ಬೆರಳಗಲ ಜಾಗ ಬಿಟ್ಟು.

ಹಾಗೆ ನಟ್ಟು ಜೋಡಿಸೋ ಮನುಷ್ಯನನ್ನ ಅಕ್ಕ ತನ್ನ ಜನ್ಮದಲ್ಲಿ ಒಬ್ಬರನ್ನೇ ನೋಡಿದ್ದು. ಅವಳ ಮಾವ. ಗಂಡನ ಅಪ್ಪ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು.

* * *

ಮಾವನ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ಅಂಗಡಿ ಕಟ್ಟಿದ್ದೇ ಅವರು. ಕೈ ಬಂಗಾರ, ಬಾಯಿ ಬೀಗ. ದಿನಕ್ಕೆ ಹತ್ತು ಮಾತಾಡಿದ್ರೆ ಆವತ್ತು ಖುಷಿಯಾಗಿದ್ದಾರೆ ಅಂತ ಅರ್ಥ. ಮಗನಿಗೆ ಗ್ರೀಸ್ ಕಂಡ್ರೆ ಆಗ್ತಿರ್ಲಿಲ್ಲ, ಆಫೀಸ್ ಕೆಲಸ ಹಿಡಿದ. ಸೊಸೆ ಬಂದವಳು ಒಂದು ದಿನ ಊಟದ ಡಬ್ಬಿ ಕೊಡೋಕೆ ಹೋಗಿ, ಅಲ್ಲೇ ಕೂತು ಒಂದು ಪಂಕ್ಚರ್ ಹಾಕಿ ಬಂದ್ಲು. ಮಾರನೇ ದಿನವೂ ಹೋದ್ಲು. ಹಾಗೇ ಹತ್ತು ವರ್ಷ.

ಹತ್ತು ವರ್ಷ ಮಾವ ಅವಳಿಗೆ ಬೇಡ ಅನ್ನಲಿಲ್ಲ. ಭೇಷ್ ಅಂತಲೂ ಅನ್ನಲಿಲ್ಲ. ಆದ್ರೆ ಅವಳು ಚಕ್ರ ಹಾಕಿ ಕೈ ಒರೆಸ್ಕೊಂಡು ಎದ್ದ ಕೂಡಲೇ, ಅವರು ಸ್ಪ್ಯಾನರ್ ತಗೊಂಡು ಬಂದು, ಅವಳು ಬಿಗಿದ ನಟ್ಟನ್ನೇ ಮತ್ತೊಂದ್ಸಲ ಬಿಗಿದು ನೋಡೋರು. ಒಂದೂ ಬಿಡದೆ. ಗಿರಾಕಿ ಎದುರಿಗೇ. ಅಕ್ಕ ಹಲ್ಲು ಕಚ್ಚಿಕೊಂಡು ಸುಮ್ಮನಿರೋಳು.

ಆ ಕೆಂಪು ಕಾರು ಅವರ ಪ್ರಾಣ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ಓಡೋ ರೇಸಿನ ಜಾತಿಯ ಗಾಡಿ. ಗುಜರಿಯಿಂದ ತಂದು, ಆರು ವರ್ಷ ಕೂತು ಎಬ್ಬಿಸಿದ್ರು. ಮಗನನ್ನೂ ಕೂರಿಸ್ತಿರ್ಲಿಲ್ಲ ಅದರಲ್ಲಿ. “ದೊಡ್ಡ ಚಕ್ರ ಹಾಕಿಸಿ ಯಜಮಾನ್ರೇ, ಎಷ್ಟು ಚೆನ್ನಾಗಿ ಕಾಣುತ್ತೆ” ಅಂತ ಯಾರಾದ್ರೂ ಅಂದ್ರೆ, “ಕುದುರೆಗೆ ಆನೆ ಕಾಲು ಹಾಕ್ತೀರಾ?” ಅಂತಿದ್ರು. ಆ ದಿನದ ಹತ್ತು ಮಾತಲ್ಲಿ ನಾಲ್ಕು ಅದಕ್ಕೇ ಖರ್ಚು.

ಅವರು ಹೋದ ಮೇಲೆ ಅಂಗಡಿಗೆ ಬಂದವರೆಲ್ಲ ಅಕ್ಕನ ತಲೆ ಮೇಲಿಂದ ಇಣುಕಿ, “ಯಜಮಾನ್ರು ಇಲ್ವಾ?” ಅನ್ನೋರು. ಇಲ್ಲ ಅಂದ್ರೆ, “ಸರಿ, ಆಮೇಲೆ ಬರ್ತೀವಿ.” ಯಾವಾಗ ಬರ್ತಾರೆ? ಆ ಯಜಮಾನ್ರು ಎದ್ದು ಬಂದ ಮೇಲಾ? ಗಂಡ ಒಳ್ಳೆಯವನೇ, ಆದ್ರೆ ಹೆದರುಪುಕ್ಕಲ. ಬರೋ ಸೋಮವಾರ ಅಂಗಡಿ ಬೀಗದ ಕೈಯನ್ನ ಪಕ್ಕದ ಮರ ಕೊಯ್ಯೋ ಸಾಮಿಲ್‌ನವನಿಗೆ ಗೋದಾಮು ಮಾಡ್ಕೋ ಅಂತ ಕೊಡೋದು ಅಂತ ಮಾತಾಡಿಬಿಟ್ಟಿದ್ದ.

ಅಕ್ಕ ಕೇಳಿದ್ದು ಇಷ್ಟೇ: “ಭಾನುವಾರದ ತನಕ ತಡೀರಿ.”

ಭಾನುವಾರ ಬೆಳಿಗ್ಗೆ ಗುಡ್ಡದ ಮೇಲೆ ಇಂಥ ಕಾರಿನವರೆಲ್ಲ ಸೇರ್ತಾರೆ. ವರ್ಷಕ್ಕೊಂದ್ಸಲ. ಮಾವನ ಹಳೇ ಗಿರಾಕಿಗಳೂ ಅಲ್ಲೇ ಇರ್ತಾರೆ. ಕೆಂಪು ಕಾರನ್ನ ತಾನೇ ಸಿದ್ಧ ಮಾಡಿ, ತಾನೇ ಓಡಿಸ್ಕೊಂಡು ಹೋಗಿ ಅವರ ಮುಂದೆ ನಿಲ್ಲಿಸಬೇಕು. ಮಾತು ಬೇಡ, ಕೆಲಸ ನೋಡ್ಲಿ. ಆದ್ರೆ ಕಾರಿನ ಟೈರ್ ಎಲ್ಲ ಬಿರುಕು ಬಿಟ್ಟು ಒಣಗಿದ ಕೆರೆ ತಳದ ಹಾಗಾಗಿದ್ವು. ಆ ಹದಿನಾಲ್ಕು ಇಂಚಿನ ಚಕ್ರಕ್ಕೆ ಆ ಅಗಲದ ಟೈರ್ ಈಗ ಯಾರೂ ಮಾಡಲ್ಲ. ಒಂದು ವಾರ ಹುಡುಕಿದ್ಲು. ಕೊನೆಗೆ ಹದಿನಾರು ಇಂಚಿನ ನಾಲ್ಕು ಅಲಾಯ್ ವೀಲ್, ಅದಕ್ಕೆ ಹೊಂದೋ ಅಗಲ ಟೈರ್ ತಂದ್ಲು. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗೆ ಸರ್‌ರ್ ಅಂತ ಉಜ್ಜುತ್ತಿತ್ತು, ಆ ಜಾಗ ಕೊರೆದು ಸರಿ ಮಾಡಿದ್ಲು. ಅದೇ ಬುಧವಾರ ನಾಲ್ಕೂ ಹಾಕಿ, ಅಳತೆ ರೆಂಚಲ್ಲಿ ಬಿಗಿದ್ಲು. ಬಿಗಿತ ಸರಿಯಾದಾಗ ‘ಟಕ್’ ಅನ್ನುತ್ತಲ್ಲ, ಆ ರೆಂಚ್. ಹದಿನಾರು ನಟ್ಟು, ಹದಿನಾರು ಟಕ್.

ಆ ರಾತ್ರಿಯೇ... ಕಟ್ ಕಟ್ ಕಟ್.

* * *

ಅಕ್ಕ ಆ ಚಕ್ರ ಮತ್ತೆ ಹಾಕಿ ಮನೆಗೆ ಬಂದ್ಲು. ಗಂಡನಿಗೆ ಹೇಳಿದ್ಲು. ಅವನ ಮುಖ ಸುಣ್ಣ.

ಗುರುವಾರ ಬೆಳಿಗ್ಗೆ ಹೋಗಿ ನೋಡ್ತಾರೆ, ಕಾರು ಮರದ ದಿಮ್ಮಿಗಳ ಮೇಲೆ, ನಾಲ್ಕು ಚಕ್ರವೂ ಬಿಚ್ಚಿ ನೆಲದ ಮೇಲೆ. ನಾಲ್ಕು ಗೋಣಿಚೀಲ. ಹದಿನಾರು ನಟ್ಟು ಸಾಲಾಗಿ.

ಗಂಡ ಪಿಸುಗುಟ್ಟಿದ, “ಯಾರಾದ್ರೂ ತಿಳಿದವರನ್ನ ಕರೆಸೋಣ ಕಣೇ.”

“ತಿಳಿದವರೇ ಬಂದು ಬಿಚ್ಚಿ ಹೋಗಿದ್ದಾರೆ. ಇನ್ಯಾರನ್ನ ಕರೆಸ್ತೀರಿ?”

ಅತ್ತೆಗೆ ವಿಷಯ ಗೊತ್ತಾಯ್ತು. ಹೆದರ್ತಾರೆ ಅಂದ್ಕೊಂಡ್ರೆ, ಆಕೆ ಉಸ್ಸಪ್ಪಾ ಅಂತ ಕೂತು, “ಸತ್ತ ಮೇಲಾದ್ರೂ ಬಿಟ್ಟಾರು ಅಂದ್ಕೊಂಡಿದ್ದೆ” ಅಂದ್ರು. “ನಲವತ್ತು ವರ್ಷದಲ್ಲಿ ನಾನು ಗೋಡೆಗೆ ಒಂದೇ ಒಂದು ಮೊಳೆ ಹೊಡೆದೆ. ಅದನ್ನೂ ಕಿತ್ತು ಮತ್ತೆ ಹೊಡೆದ್ರು. ನಾನು ಸುತ್ತಿಗೆ ಮತ್ತೆ ಮುಟ್ಟಲಿಲ್ಲ.” ಆಮೇಲೆ ಸೊಸೆ ಮುಖ ನೋಡಿ ದನಿ ತಗ್ಗಿಸಿದ್ರು. “ನೀನು ಬಿಡಬೇಡ.”

ಅಷ್ಟು ಸಾಕಿತ್ತು ಅಕ್ಕನಿಗೆ.

ಗುರುವಾರ ಮತ್ತೆ ಹಾಕಿದ್ಲು. ಹದಿನಾರು ಟಕ್. ಶುಕ್ರವಾರ ಬೆಳಿಗ್ಗೆ ಮತ್ತೆ ಗೋಣಿಚೀಲದ ಮೇಲೆ. ಮತ್ತೆ ಹಾಕಿದ್ಲು. ಬೆರಳ ಗೆಣ್ಣು ಬಾತುಕೊಂಡಿತ್ತು. ಶುಕ್ರವಾರ ಸಂಜೆ ಗಂಡನಿಗೆ, “ಇವತ್ತು ಮನೆಗೆ ಬರಲ್ಲ” ಅಂದ್ಲು.

“ಹುಚ್ಚೇನೇ ನಿನಗೆ?”

“ಹೌದು. ನಿಮ್ಮಪ್ಪನಿಂದ ಕಲಿತಿದ್ದು.”

ಒಳಗಿಂದ ಶಟರ್ ಎಳೆದು, ಲೈಟ್ ಆರಿಸಿ, ಹಳೇ ಟೈರ್ ರಾಶಿ ಮೇಲೆ ಕೂತ್ಲು. ಕತ್ತಲೆ ಅಂದ್ರೆ ಕತ್ತಲೆ, ಕೈ ಚಾಚಿದ್ರೆ ಕೈ ಕಾಣಲ್ಲ. ರಬ್ಬರ್ ವಾಸನೆ. ಗಾಳಿ ತುಂಬೋ ಟ್ಯಾಂಕಿನ ಯಾವುದೋ ಮೂತಿಯಿಂದ ಸ್ಸ್... ಅಂತ ಸಣ್ಣಗೆ ಗಾಳಿ ಸೋರ್ತಿತ್ತು.

ಹನ್ನೆರಡಾಯ್ತು. ಏನಿಲ್ಲ.

ಒಂದು ಗಂಟೆ...

ಆ ಸ್ಸ್ ಅನ್ನೋ ಸದ್ದು ನಿಂತುಹೋಯ್ತು. ಯಾರೋ ಕೊಳಾಯಿ ತಿರುಗಿಸಿ ಭದ್ರ ಮಾಡಿದ ಹಾಗೆ.

ಆಮೇಲೆ ನೆಲದ ಮೇಲೆ ಚಪ್ಪಲಿ. ಸರಕ್... ಸರಕ್... ಒಂದು ಕಾಲು ಸ್ವಲ್ಪ ಎಳೆದ ಹಾಗೆ, ಮಾವ ನಡೀತಿದ್ದ ಹಾಗೇ. ಜಾಕಿನ ಗಾಲಿ ಗುರ್‌ರ್ ಅಂತ ಉರುಳಿತು. ಹಿಡಿ ಒತ್ತಿದಾಗಲೆಲ್ಲ ಕುಂಯ್... ಕುಂಯ್... ಕಾರು ಏರಿತು. ಅಕ್ಕನ ಬಾಯಿ ಒಣಗಿಹೋಯ್ತು. ಹೆದರಿಕೆ ಆಗಲಿಲ್ಲ ಅಂತ ಅವಳೇ ಹೇಳಲ್ಲ.

ಕಟ್.

ಅದೊಂದು ಸದ್ದು ಕೇಳಿದ್ದೇ ತಡ, ಹೆದರಿಕೆ ಎಲ್ಲಿ ಹೋಯ್ತೋ. ಹತ್ತು ವರ್ಷದ ಸಿಟ್ಟು ಗಂಟಲಿಗೆ ಬಂತು.

“ಮಾವ.”

ಸದ್ದು ನಿಂತಿತು.

“ನೀವು ಅಂತ ಗೊತ್ತು. ಹತ್ತು ವರ್ಷ ನಾನು ಬಿಗಿದ ನಟ್ಟನ್ನೆಲ್ಲ ಮತ್ತೊಂದ್ಸಲ ಬಿಗಿದ್ರಿ. ಒಂದು ದಿನ, ಒಂದೇ ಒಂದು ಸಡಿಲ ಸಿಕ್ತಾ? ಹೇಳಿ.”

ಅಕ್ಕ ಟೈರ್ ರಾಶಿಯಿಂದ ಕೆಳಗಿಳಿದ್ಲು.

“ಸಿಕ್ಕಿಲ್ಲ. ಸಿಕ್ಕಿದ್ರೆ ಆವತ್ತೇ ಹೇಳ್ತಿದ್ರಿ. ಬದುಕಿದ್ದಾಗ ಎದುರು ಮಾತಾಡಲಿಲ್ಲ, ದೊಡ್ಡವರು ಅಂತ. ಈಗ ಆಡ್ತೀನಿ. ನೀವು ಎಷ್ಟು ಸಲ ಬಿಚ್ತೀರೋ ಅಷ್ಟು ಸಲ ಹಾಕ್ತೀನಿ. ನಿಮಗೆ ರಾತ್ರಿ ಒಂದೇ ಇರೋದು. ನನಗೆ ಹಗಲೂ ಇದೆ.”

ಕಾರಿನ ಮುಂದಿನ ಚಕ್ರವನ್ನ ಯಾರೋ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗೆ ಸದ್ದು. ಟುಕು... ಟುಕು... ಸಣ್ಣದು, ಗಡಿಯಾರದ ಸದ್ದಿಗಿಂತ ಸಣ್ಣದು. ಅದರ ಹಿಂದೆ, ಅವಳ ಕಿವಿ ಪಕ್ಕದಲ್ಲೇ, ಬೀಡಿ ಸೇದಿ ಸೇದಿ ಒಡೆದ ಒಂದು ದನಿ.

“ಆಡುತ್ತೆ.”

ಅಷ್ಟೇ. ಒಂದೇ ಮಾತು. ಚಕ್ರ ಅಲ್ಲಾಡುತ್ತೆ ಅಂತ.

ಅಕ್ಕ ಟಾರ್ಚ್ ಹಾಕಿದಾಗ ಯಾರೂ ಇರಲಿಲ್ಲ. ಮೊದಲ ನಟ್ಟು ಮಾತ್ರ ಸಡಿಲ ಆಗಿತ್ತು. ಇನ್ನುಳಿದ ಮೂರನ್ನ ಅವಳೇ ಬಿಚ್ಚಿ, ಚಕ್ರ ತೆಗೆದು, ಟಾರ್ಚ್ ಹಿಡಿದು ನೋಡಿದ್ಲು. ನೋಡಿದವಳೇ ಹಣೆ ಚಚ್ಚಿಕೊಂಡ್ಲು. ಹೊಸ ಚಕ್ರದ ನಡುವಿನ ತೂತು ದೊಡ್ಡದು, ಆ ತೂತಿನೊಳಗೆ ಕೂರೋ ಕಾರಿನ ಹಬ್ಬು ಅದಕ್ಕಿಂತ ಸಣ್ಣದು. ನಡುವೆ ಬೆಂಕಿಕಡ್ಡಿ ದಪ್ಪದ ಜಾಗ. ಇಡೀ ಚಕ್ರ ಬರೀ ನಟ್ಟಿನ ಮೇಲೆ ನಿಂತಿತ್ತು. ಊರೊಳಗೆ ಓಡಿಸಿದ್ರೆ ಗೊತ್ತಾಗಲ್ಲ. ಗುಡ್ಡದ ತಿರುವಲ್ಲಿ, ವೇಗದಲ್ಲಿ... ಹೇಳೋದು ಬೇಡ.

ಕತ್ತಲೆಗೆ ಮುಖ ಮಾಡಿ ಅಂದ್ಲು, “ಇದು ನನ್ನ ತಪ್ಪು. ಒಪ್ಕೊಂಡೆ. ತಿದ್ತೀನಿ. ಆದ್ರೆ ಚಕ್ರ ಬದಲಾಯಿಸಲ್ಲ.”

* * *

ಶನಿವಾರ ಬೆಳಕು ಹರಿಯೋಕೆ ಮುಂಚೆ ಲೇತ್ ಕೆಲಸದವನ ಬಾಗಿಲು ಬಡಿದ್ಲು. ಆ ಜಾಗಕ್ಕೆ ಸರಿಯಾಗಿ ಕೂರೋ ನಾಲ್ಕು ಅಲ್ಯೂಮಿನಿಯಂ ಬಳೆ ಬೇಕು ಅಂದ್ಲು. ಅವನು, “ಯಾವ ಪುಣ್ಯಾತ್ಮ ಹೇಳಿದ್ದು ಇದನ್ನ? ಎಷ್ಟೋ ಜನ ಹಾಗೇ ಓಡಿಸ್ತಾರೆ” ಅಂದ. “ನಮ್ಮ ಮಾವ” ಅಂದ್ಲು. ಅವನು ನಕ್ಕು ಕೆಲಸಕ್ಕೆ ಕೂತ. ಮಾವ ಸತ್ತಿದ್ದು ಅವನಿಗೆ ಆಮೇಲೆ ನೆನಪಾಗಿರಬೇಕು. ಬಳೆ ಕೊಟ್ಟವನು ದುಡ್ಡೂ ಕೇಳದೆ ಬಾಗಿಲು ಹಾಕ್ಕೊಂಡನಂತೆ.

ಬಳೆ ಕೂರಿಸಿದ್ಲು. ಚಕ್ರ ಹಾಕಿದಾಗ ಗೊರಸಿಗೆ ಲಾಳ ಕೂತ ಹಾಗೆ ಕೂತಿತು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ಲು. ಕೂದಲೆಳೆಯಷ್ಟೂ ಆಡಲಿಲ್ಲ. ಹದಿನಾರು ಟಕ್.

ಮುಗೀತಲ್ಲ ಅಂತೀಯಾ? ಅವಳೂ ಹಾಗೇ ಅಂದ್ಕೊಂಡ್ಲು. ಆದ್ರೂ ರಾತ್ರಿ ಅಂಗಡಿಯಲ್ಲೇ ಉಳಿದ್ಲು. ಒಂದು ಗಂಟೆಗೆ... ಸರಕ್... ಸರಕ್...

ಕಟ್.

ಅಕ್ಕನಿಗೆ ಪಿತ್ತ ನೆತ್ತಿಗೇರಿತು. “ತಪ್ಪು ತೋರಿಸಿದ್ರಿ, ತಿದ್ದಿದೆ. ಇನ್ನೂ ಬಿಚ್ಚಿದ್ರೆ ಅದು ಕೆಲಸ ಅಲ್ಲ ಮಾವ. ಹಠ. ಹಠ ಅಂದ್ರೆ ಹಠ.”

ಅಳತೆ ರೆಂಚ್ ತಗೊಂಡು ಆ ಚಕ್ರದ ಮುಂದೆ ಕೂತ್ಲು. ಕತ್ತಲೆಯಲ್ಲಿ ಬೆರಳಾಡಿಸಿ ನಟ್ಟು ಹುಡುಕಿದ್ಲು. ಮಂಜುಗಡ್ಡೆ ಮುಟ್ಟಿದ ಹಾಗಿತ್ತಂತೆ. ಬಿಗಿದ್ಲು. ಟಕ್. ಪಕ್ಕದ ನಟ್ಟು... ಕಟ್. ಅದನ್ನೂ ಬಿಗಿದ್ಲು. ಟಕ್. ಹಿಂದಿನ ಚಕ್ರದಲ್ಲಿ ಕಟ್. ಅಲ್ಲಿಗೆ ಹೋದ್ಲು. ಟಕ್. ಆ ಕಡೆ ಕಟ್. ಈ ಕಡೆ ಟಕ್. ಕಾರಿನ ಸುತ್ತ ಒಬ್ಬರ ಹಿಂದೆ ಒಬ್ಬರು. ಬಿಚ್ಚೋರು ಸತ್ತವರು, ಬಿಗಿಯೋಳು ಬದುಕಿದವಳು. ಬೆವರು ಕಣ್ಣಿಗೆ ಇಳೀತಿತ್ತು. ಮೂರು ಗಂಟೆ ತನಕ ಒಂದು ನಟ್ಟೂ ಪೂರ್ತಿ ಬಿಚ್ಚೋಕೆ ಬಿಡಲಿಲ್ಲ ಅವಳು.

ಕೊನೆಗೆ ಎದ್ದು, ಸೊಂಟ ಹಿಡ್ಕೊಂಡು, ಶಟರನ್ನ ಧಡ್ ಅಂತ ಮೇಲಕ್ಕೆ ಎತ್ತಿದ್ಲು. ಕಾರಿನ ಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಕೂತ್ಲು.

“ಸಾಕು. ಹತ್ತಿ. ಓಡಿಸಿ ತೋರಿಸ್ತೀನಿ.”

ಇಂಜಿನ್ ಗುಡುಗಿತು. ಪಕ್ಕದ ಬಾಗಿಲು ತೆಗೀಲಿಲ್ಲ. ಅದಂತೂ ನಿಜ, ತೆಗೀಲಿಲ್ಲ. ಆದ್ರೆ ಆ ಕಡೆಯ ಸೀಟಿನ ಸ್ಪ್ರಿಂಗು... ಕುಯ್ಯ್... ಅಂತ ಕೆಳಗೆ ಕೂತಿತು. ಯಾರೋ ಹತ್ತಿದ ಹಾಗೆ. ಬೀಡಿ ವಾಸನೆ ಬಂತು.

ಅವಳು ಆ ಕಡೆ ತಿರುಗಿ ನೋಡಲಿಲ್ಲ. ಗೇರ್ ಹಾಕಿದ್ಲು.

ಬಾವಿ ದಾಟಿತು. ಊರು ದಾಟಿತು. ಗುಡ್ಡದ ರಸ್ತೆ. ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ. ಮೊದಲ ತಿರುವಲ್ಲಿ ಟೈರ್ ನೆಲ ಕಚ್ಚಿ ಹಿಡೀತು. ಎರಡನೇ ತಿರುವಲ್ಲಿ ಇನ್ನೂ ವೇಗ. ಸ್ಟೇರಿಂಗ್ ನಡುಗಲಿಲ್ಲ, ಕೈಯಲ್ಲಿ ತುಂಬಿದ ಕೊಡ ಹಿಡಿದ ಹಾಗೆ ಸ್ಥಿರ.

ಪಕ್ಕದಿಂದ ಪಿಸುದನಿ. “ನಿಧಾನ.”

“ಇಲ್ಲ.”

ಮೂರನೇ ತಿರುವು. ಇನ್ನೂ ಒತ್ತಿದ್ಲು.

“ನಿಧಾನ...”

“ಓಡಿಸ್ತಿರೋದು ನಾನು ಮಾವ. ಸುಮ್ಮನೆ ಕೂತ್ಕೊಳ್ಳಿ.”

ಮಾವನಿಗೆ ಸುಮ್ಮನೆ ಕೂತ್ಕೊಳ್ಳಿ ಅಂತ ಯಾರಾದ್ರೂ ಅಂದಿದ್ದು ಅದೇ ಮೊದಲು ಇರಬೇಕು. ಒಂಬತ್ತು ತಿರುವು. ಒಂಬತ್ತನ್ನೂ ಗಾಳಿ ಕತ್ತರಿಸಿದ ಹಾಗೆ ಹತ್ತಿಸಿ, ತುದಿಯಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿದ್ಲು. ಬಿಸಿ ಲೋಹ ಆರ್ತಾ ಟಿಂಕ್... ಟಿಂಕ್... ಅನ್ನುತ್ತಿತ್ತು. ಕೆಳಗೆ ಊರಿನ ದೀಪ.

“ಈಗ ಹೇಳಿ. ಆಡುತ್ತಾ?”

ಟಿಂಕ್...

ಟಿಂಕ್...

“ಬಾಯಿ ಬಿಟ್ಟು ಹೇಳಬೇಕು ಮಾವ. ಹತ್ತು ವರ್ಷ ಕಾದಿದ್ದೀನಿ.”

ಪೂರ್ವದ ಕಡೆ ಆಕಾಶ ಒಂದು ಚೂರು ತಿಳಿಯಾಗಿತ್ತಂತೆ.

“ಇಲ್ಲ.”

ಅಂದ ಕೂಡಲೇ ಪಕ್ಕದ ಸ್ಪ್ರಿಂಗು ಕುಯ್ಯ್ ಅಂತ ಮೇಲೆ ಬಂತು. ಬೀಡಿ ವಾಸನೆ ಹೋಯ್ತು. ಅಕ್ಕ ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ಲಂತೆ. ದುಃಖಕ್ಕಲ್ಲ ಅಂತಾಳೆ. ಇರಬಹುದು.

ಬೆಳಿಗ್ಗೆ ಏಳಕ್ಕೆ ಬೇರೆ ಕಾರಿನವರು ಗುಡ್ಡ ಹತ್ತಿ ಬಂದಾಗ, ಕೆಂಪು ಕಾರು ಆಗಲೇ ಅಲ್ಲಿ ನಿಂತಿತ್ತು. ಮಾವನ ಹಳೇ ಗಿರಾಕಿಯೊಬ್ಬರು ಬಗ್ಗಿ ಚಕ್ರ ನೋಡಿದ್ರು, ಹಿಡಿದು ಅಲ್ಲಾಡಿಸಿದ್ರು, ಕೈ ಕೊಡವಿ ಎದ್ರು. “ಕೆಲಸ ಅಚ್ಚುಕಟ್ಟು. ಆದ್ರೆ ಯಜಮಾನ್ರು ಇದ್ದಿದ್ರೆ ದೊಡ್ಡ ಚಕ್ರಕ್ಕೆ ಒಪ್ತಿರ್ಲಿಲ್ಲ ಕಣಮ್ಮ.”

“ಒಪ್ಪಿದ್ರು.”

“ಹೌದಾ? ಯಾವಾಗ?”

“ಇವತ್ತು. ಬೆಳಗಿನ ಜಾವ ಐದಕ್ಕೆ.”

ಅವರು ಜೋಕು ಅಂದ್ಕೊಂಡು ನಕ್ರು. ಆದ್ರೆ ಮಂಗಳವಾರ ತಮ್ಮ ಬಿಳೀ ಕಾರು ತಂದು ಅವಳ ಅಂಗಡಿ ಮುಂದೆ ನಿಲ್ಲಿಸಿದ್ರು. ಯಜಮಾನ್ರು ಇಲ್ವಾ ಅಂತ ಕೇಳಲಿಲ್ಲ. ಸಾಮಿಲ್‌ನವನಿಗೆ ಬೀಗದ ಕೈ ಸಿಗಲಿಲ್ಲ. ಆ ಭಾನುವಾರದಿಂದ ಈಚೆಗೆ ಆ ಅಂಗಡಿಯಲ್ಲಿ ರಾತ್ರಿ ಒಂದು ನಟ್ಟೂ ಅಲ್ಲಾಡಿಲ್ಲ.

ನಂಬಲ್ಲ ಅಲ್ವಾ? ಬೇಡ. ನಾನೂ ನಂಬಿರಲಿಲ್ಲ. ಆಮೇಲಿನ ವಾರ ಅವರ ಮನೆಗೆ ಹೋಗಿದ್ದೆ. ಭಾವ, ಅದೇ ಅಕ್ಕನ ಗಂಡ, ಕಾರು ತೊಳೀತಿದ್ರು. ಪಕ್ಕದ ಸೀಟಿನ ಮುಂದಿರೋ ಮ್ಯಾಟು ಒಗೆಯೋಕೆ ಎತ್ತಿದ್ರು, ಹಾಗೇ ನಿಂತುಬಿಟ್ರು. ನನ್ನನ್ನ ಕರೆದು ತೋರಿಸಿದ್ರು. ಕೆಳಗಿನ ತಗಡು ತಗ್ಗಾಗಿತ್ತು. ಎರಡು ಕಡೆ, ಹಿಮ್ಮಡಿ ಊರಿ ಒತ್ತಿದ ಹಾಗೆ. ದಪ್ಪ ತಗಡು ಅದು, ಸುತ್ತಿಗೆ ಏಟಿಗೂ ಸುಲಭಕ್ಕೆ ಬಗ್ಗಲ್ಲ. ನಾನೇ ಕೈ ಇಟ್ಟು ಮುಟ್ಟಿ ನೋಡಿದ್ದೀನಿ, ದೇವರಾಣೆ. ಎರಡರಲ್ಲಿ ಬಲಗಾಲಿನದು, ಬ್ರೇಕ್ ಒತ್ತೋ ಕಾಲಿನದು, ಜಾಸ್ತಿ ಆಳ.